ಸೊಪ್ಪಿನ ಅಸಲು

ನಮ್ಮ ಕೊಳ್ಳೇಗಾಲದ ಕಡೆ ರೈತರ ಬಾಯಲ್ಲಿ ‘ಸೊಪ್ಪು’ ಎಂದರೆ ಸಾರಿನ ಸೊಪ್ಪಲ್ಲ, ಹಿಪ್ಪುನೇರಳೆ. ಯಳಂದೂರಿನ ಗದ್ದೆಯ ಭತ್ತದಲ್ಲಾಗಲಿ ಹನೂರಿನ ಹೊಲದ ರಾಗಿಯಲ್ಲಾಗಲಿ ಎಲೆ ದುಡಿಯುತ್ತದೆ, ನಾವು ಕಾಳು ಉಣ್ಣುತ್ತೇವೆ. ಹಿಪ್ಪುನೇರಳೆಯಲ್ಲಿ ಹಾಗಲ್ಲ, ದುಡಿಯುವ ಎಲೆಯನ್ನೇ ಕಿತ್ತು ಹುಳುವಿಗೆ ಹಾಕಬೇಕು.

ಮೈಸೂರು ಸೀಮೆಯಲ್ಲಿ ರೇಷ್ಮೆಗೆ ನೆಲೆ ಕೊಟ್ಟವನು ಟಿಪ್ಪು. 1799ರಲ್ಲಿ ಅವನು ಮಡಿದ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನಲ್ಲೇ ಉಳಿಯಿತು. ಎರಡೂ ಒಂದೇ ರಾಜ್ಯ ಕಂಡದ್ದು 1956ರಲ್ಲಿ. ಹನೂರು ತಾಲ್ಲೂಕಾದದ್ದಂತೂ ತೀರಾ ಈಚೆಗೆ. ಗಡಿಗಳು ಏನಾದರೂ ಆಗಲಿ, ಸೊಪ್ಪು ಕೀಳುವ ಕೈಗಳಿಗೆ ಬಿಡುವಿರಲಿಲ್ಲ.

ಒಂದು ವರ್ಷ ಗೂಡಿನ ಬೆಲೆ ಏರಿತು. ಅಪ್ಪ ಎಂದಿಗಿಂತ ಹೆಚ್ಚು ಮೊಟ್ಟೆ ತಂದರು. ಹುಳು ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ನಾಲ್ಕನೇ ಜ್ವರ ಎದ್ದ ಮೇಲೆಯೇ ಬೇಕು. ಆಗ ಸೊಪ್ಪು ಸಾಲದಾಯಿತು. ಕತ್ತರಿಸಿದ ಗಿಡ ಆಗತಾನೇ ಚಿಗುರಿತ್ತು. ಅಜ್ಜಿ, ‘ಇನ್ನ ಹದಿನೈದು ದಿವ್ಸ ಬುಡು ಮಗ’ ಎಂದರು. ಹುಳು ಕಾಯುವುದಿಲ್ಲವಲ್ಲ. ಅಪ್ಪ ಚಿಗುರನ್ನೂ ಬರಿದು ಮಾಡಿದರು, ಮುಂದಿನ ಬೆಳೆಗೂ ಹಾಗೇ ಮಾಡಿದರು.

ಅಜ್ಜಿಯ ಮಾತನ್ನೇ ಬ್ಲ್ಯಾಕ್‌ಮನ್ ಎಂಬ ಸಸ್ಯವಿಜ್ಞಾನಿ 1919ರಲ್ಲಿ ಚಕ್ರಬಡ್ಡಿಯ ಲೆಕ್ಕದಲ್ಲಿ ಹೇಳಿದ್ದ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಇದ್ದ ಎಲೆ ಬಿಸಿಲು ಹಿಡಿದು ಆಹಾರ ಮಾಡುತ್ತದೆ, ಆ ಆಹಾರದಿಂದ ಇನ್ನಷ್ಟು ಎಲೆ. ಬಡ್ಡಿ ಅಸಲಿಗೆ ಸೇರುತ್ತಾ ಹೋಗುತ್ತದೆ. ಇದಕ್ಕೂ ಮಿತಿಯುಂಟು. ವಾಟ್ಸನ್ 1947ರಲ್ಲಿ ನೆಲದ ಅಳತೆಗೆ ಎಲೆಯ ಅಳತೆ ಎಷ್ಟೆಂದು ಲೆಕ್ಕಹಾಕುವ ದಾರಿ ತೋರಿದ. ಎಲೆ ವಿಪರೀತ ದಟ್ಟವಾದರೆ ಮೇಲಿನವು ಕೆಳಗಿನವಕ್ಕೆ ನೆರಳಾಗಿ, ಅವು ಹಳದಿಯಾಗಿ ಉದುರುತ್ತವೆ. ತಡಮಾಡಿದರೂ ನಷ್ಟವೇ.

ಆದರೆ ಬೋಳಾದ ಗಿಡಕ್ಕೆ ಬಡ್ಡಿ ಎಲ್ಲಿಂದ? ಬೇರಿನಲ್ಲೂ ಬೊಡ್ಡೆಯಲ್ಲೂ ಕೂಡಿಟ್ಟ ಪಿಷ್ಟ ಕರಗಿಸಿ ಅದು ಚಿಗುರುತ್ತದೆ. ಎಲೆ ಅಗಲವಾಗಿ ಸಾಲ ತೀರಿಸುವ ಮೊದಲೇ ಕಿತ್ತರೆ ಮತ್ತೆ ಗಂಟಿಗೇ ಕೈ. ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆ ಕೊಟ್ಟ ವಿ-1 ತಳಿ ನೀರು ಗೊಬ್ಬರ ಇದ್ದರೆ ಹೆಕ್ಟೇರಿಗೆ ವರ್ಷಕ್ಕೆ 60 ಟನ್ ಸೊಪ್ಪು ಕೊಡಬಲ್ಲದು. ಅದಕ್ಕೂ ಬಿಡುವು ಬೇಕು.

ಮುಂದಿನ ಮಳೆಗೆ ನಮ್ಮ ತೋಟದ ಅರ್ಧ ಗಿಡ ಚಿಗುರಲಿಲ್ಲ. ಅಪ್ಪ ಯಾರೊಂದಿಗೂ ಮಾತಾಡದೆ ಬೊಡ್ಡೆ ಅಗೆದರು. ಎರಡು ವರ್ಷ ನೀರೊಲೆಗೆ ಅದೇ ಸೌದೆ.