ಹೃದಯ–ಮಿದುಳು ಸಂಕೇತಗಳ ಮುಕ್ತ ದಾಖಲೆಯಂತ್ರಗಳು: ದೋಷಪತ್ತೆಯ ಇತಿಹಾಸ

ಹೃದಯದ ಇಸಿಜಿ ಮತ್ತು ಮಿದುಳಿನ ಇಇಜಿ ಸಂಕೇತಗಳನ್ನು ಕಡಿಮೆ ಖರ್ಚಿನಲ್ಲಿ ದಾಖಲಿಸುವ, ಸರ್ಕ್ಯೂಟ್ ನಕ್ಷೆಯನ್ನೂ ಫರ್ಮ್‌ವೇರನ್ನೂ ಎಲ್ಲರಿಗೂ ತೆರೆದಿಟ್ಟಿರುವ ಸಾಧನಗಳಿವು. ಇವುಗಳ ಇತಿಹಾಸವನ್ನು ಹೆಚ್ಚಿನ ಬರಹಗಳು ಚಿಪ್‌ಗಳ ಇತಿಹಾಸವಾಗಿಯೇ ಹೇಳುತ್ತವೆ. ಪರದೆಯ ಮೇಲೆ ಮೂಡಿದ ಗೆರೆ ದೇಹದ್ದೋ ಗೋಡೆಯೊಳಗಿನ ಕರೆಂಟಿನದೋ ಎಂದು ಗುರುತಿಸುವ ಕ್ರಮ ಬೆಳೆದ ಬಗೆಗೆ ಅವುಗಳಲ್ಲಿ ಜಾಗ ಕಡಿಮೆ. ಈ ಲೇಖನ ಅದಕ್ಕೇ ಹೆಚ್ಚು ಒತ್ತು ಕೊಡುತ್ತದೆ.

ಆರಂಭದ ಘಟ್ಟ ಸುಪರಿಚಿತ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಡಚ್ ಶರೀರವಿಜ್ಞಾನಿ ಐಂತೋವನ್ ತಂತಿ ಗ್ಯಾಲ್ವನೋಮೀಟರಿನಿಂದ ಇಸಿಜಿ ಪಡೆದರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಜರ್ಮನ್ ಮನೋವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಇಇಜಿ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಇಸಿಜಿ ಸುಮಾರು 1 ಮಿಲಿವೋಲ್ಟಿನ ಸಂಕೇತ. ಇಇಜಿ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಮುಂದಿನ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಸಣ್ಣತನದಿಂದ.

ಗೆರೆಯನ್ನು ಎಷ್ಟು ನಂಬಬೇಕು ಎಂಬ ವಿವಾದ ಕರ್ನಾಟಕಕ್ಕೂ ತಾಗಿದೆ. ಫ್ರೆಂಚ್ ವೈದ್ಯೆ ಥೆರೆಸ್ ಬ್ರೋಸ್ 1935ರಲ್ಲಿ ಹೊತ್ತೊಯ್ಯಬಹುದಾದ ಇಸಿಜಿ ಯಂತ್ರದೊಂದಿಗೆ ಭಾರತಕ್ಕೆ ಬಂದರು. ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು ಆಕೆಯ ಮುಂದೆ ಹೃದಯ ನಿಲ್ಲಿಸಿ ತೋರಿಸಿದರೆಂದು ಜೀವನಚರಿತ್ರೆಗಳು ಹೇಳುತ್ತವೆ. ಕೆಲವು ಬರಹಗಳಲ್ಲಿ ಕಾಣುವ 1936, ಬ್ರೋಸ್ ಮತ್ತು ಲೋಬ್ರಿ ಅವರ ಪ್ರಬಂಧ ಅಚ್ಚಾದ ವರ್ಷ. ಹೃದಯ ನಿಂತಿತೆಂಬ ವಾದ ಆಧರಿಸಿದ್ದು ಒಂದೇ ಲೀಡಿನ, ಅಂದರೆ ಒಂದೇ ಕೋನದಿಂದ ಹೃದಯವನ್ನು ನೋಡುವ, ಇಸಿಜಿಯನ್ನು. ಸಂಶೋಧಕರಾದ ವೆಂಗರ್, ಬಾಗ್ಚಿ ಮತ್ತು ಆನಂದ್ 1961ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಹೃದಯ ನಿಂತಿರಲಿಲ್ಲ. ಉಸಿರು ಬಿಗಿಹಿಡಿದು ಎದೆ–ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ನಾಡಿ ಕೈಗೆ ಸಿಗುವುದಿಲ್ಲ, ಎದೆಬಡಿತ ಕಿವಿಗೆ ಬೀಳುವುದಿಲ್ಲ. ಇಸಿಜಿ ಮಾತ್ರ ಮುಂದುವರಿಯುತ್ತದೆ. ಒಂದೇ ಲೀಡಿನ ಗೆರೆ ಚಿಕ್ಕದಾದರೆ ಇನ್ನೊಂದು ಲೀಡು ನೋಡದೆ ತೀರ್ಮಾನಿಸಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದರೂ ಮುಕ್ತ ಸಾಧನಗಳ ಕೈಪಿಡಿಗಳಲ್ಲಿ ಇದರ ಉಲ್ಲೇಖ ಅಪರೂಪ.

ಆಮೇಲಿನ ಕೆಲವು ದಶಕ ಯಂತ್ರಗಳು ಆಸ್ಪತ್ರೆಗಳಲ್ಲೇ ಉಳಿದವು. ರಿಪೇರಿ ತಯಾರಕರ ಕೈಯಲ್ಲಿತ್ತು. ಈ ಅವಧಿಯ ಮುಖ್ಯ ಕೊಡುಗೆ 1983ರದ್ದು. ದೇಹಕ್ಕೆ ಅಂಟಿಕೊಂಡ ಕರೆಂಟಿನ ಅಲೆಯನ್ನು ತಲೆಕೆಳಗು ಮಾಡಿ ಬಲಗಾಲಿನ ಎಲೆಕ್ಟ್ರೋಡ್ ಮೂಲಕ ದೇಹಕ್ಕೇ ಹಿಂತಿರುಗಿಸುವ ಸರ್ಕ್ಯೂಟನ್ನು ವಿಂಟರ್ ಮತ್ತು ವೆಬ್‌ಸ್ಟರ್ ಆ ವರ್ಷ ವಿವರವಾಗಿ ವಿಶ್ಲೇಷಿಸಿದರು. ಇಂದಿನ ಅಗ್ಗದ ಮಾಡ್ಯೂಲಿನ ಮೂರನೆಯ ತಂತಿ ಆ ಕೆಲಸಕ್ಕೇ ಇರುವುದು.

ಮೊದಲ ಮುಕ್ತ ಇಇಜಿ ಯಂತ್ರ ಓಪನ್‌ಬಿಸಿಐ ಎಂದು ಬರೆದಿರುವುದುಂಟು, ಅದು ಸರಿಯಲ್ಲ. ಓಪನ್‌ಇಇಜಿ ಬಳಗದ ಮೋಡ್ಯುಲರ್‌ಇಇಜಿ ಅದಕ್ಕಿಂತ ಸುಮಾರು ಹತ್ತು ವರ್ಷ ಹಳೆಯದು. 10 ಬಿಟ್‌ನ ಸಾಧಾರಣ ಚಿಪ್ಪಿನಲ್ಲೇ ನಡೆಯುತ್ತಿದ್ದ ಅದು, ಕಂಪ್ಯೂಟರಿಗೂ ದೇಹಕ್ಕೂ ನಡುವೆ ಬೆಳಕಿನ ಮೂಲಕ ಮಾತ್ರ ಸಂಪರ್ಕವಿಟ್ಟು ಸುರಕ್ಷತೆ ಕಾಯುತ್ತಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 24 ಬಿಟ್‌ನ ಎಡಿಎಸ್1299 ಚಿಪ್ ಬಂದ ಮೇಲೆ, 2013ರ ಕೊನೆಯಲ್ಲಿ ಓಪನ್‌ಬಿಸಿಐ ಜನರಿಂದ ಹಣ ಕೂಡಿಸಿತು. ಬೆಂಗಳೂರಿನ ಪ್ರೋಟೋಸೆಂಟ್ರಲ್ ಎಡಿಎಸ್1292ಆರ್ ಚಿಪ್ಪಿನ ಬೋರ್ಡುಗಳನ್ನು ತಂದು, 2017ರಲ್ಲಿ ರಾಸ್ಪ್‌ಬೆರಿ ಪೈ ಮೇಲೆ ಕೂರುವ ಹೆಲ್ದಿಪೈ ಮೂರನೆಯ ಆವೃತ್ತಿಯನ್ನು ಹೊರತಂದಿತು. ಇಸಿಜಿ, ಉಸಿರಾಟ, ರಕ್ತದ ಆಮ್ಲಜನಕ, ಉಷ್ಣತೆ ಒಂದೇ ಬೋರ್ಡಿನಲ್ಲಿ ಸಿಕ್ಕವು. ನಕ್ಷೆಗಳೆಲ್ಲ ಮುಕ್ತ. ಈ ಸಾಧನಗಳ ಜಾಗತಿಕ ಕಥೆ ಹೇಳುವವರು ಬೆಂಗಳೂರಿನ ಈ ಕೆಲಸವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಬೆಂಗಳೂರಿನ ಬಿನ್ನಿಪೇಟೆ, ಮಾಗಡಿ ರಸ್ತೆ ಕಡೆಯ ವಿದ್ಯಾರ್ಥಿಗಳಿಗೆ ಬಿಡಿಭಾಗಕ್ಕೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳು ಹತ್ತಿರ. ಎಡಿ8232 ಚಿಪ್ಪಿನ ಒಂದು ಲೀಡಿನ ಇಸಿಜಿ ಮಾಡ್ಯೂಲ್‌ನಿಂದ ಆರಂಭಿಸುವವರೇ ಹೆಚ್ಚು. ಜೋಡಿಸಿದ ಕೂಡಲೇ ಕಾಣುವುದು ಸಾಮಾನ್ಯವಾಗಿ ಹೃದಯವಲ್ಲ, ಒತ್ತೊತ್ತಾದ 50 ಹರ್ಟ್ಸ್ ಅಲೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಬೇಕು. ಸುರಕ್ಷತೆಗೂ ಅದೇ ಕ್ರಮ. ಅಲೆ ಇಳಿದರೆ ತಪ್ಪು ಅರ್ಥಿಂಗ್ ಕಡೆಯದು. ಇಳಿಯದಿದ್ದರೆ ಎಲೆಕ್ಟ್ರೋಡ್ ನೋಡಬೇಕು: ಪ್ಯಾಕೆಟ್ ತೆರೆದು ಬಹಳ ದಿನವಾದರೆ ಜೆಲ್ ಒಣಗಿರುತ್ತದೆ. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ ಹೊಸದನ್ನು ಅಂಟಿಸಿ, ತಂತಿಗಳನ್ನು ಹೆಣೆದರೆ ಗೆರೆ ಬಹುಪಾಲು ತಿಳಿಯಾಗುತ್ತದೆ. ಎಡ–ಬಲ ತಂತಿ ಅದಲುಬದಲಾದರೆ ಒಂದನೆಯ ಲೀಡಿನ ಗೆರೆ ಇಡಿಯಾಗಿ ತಲೆಕೆಳಗಾಗುತ್ತದೆ; ಅದನ್ನು ಬಲಕ್ಕಿರುವ ಹೃದಯವೆಂದು ಓದಿ ಗಾಬರಿಯಾಗುವವರಿದ್ದಾರೆ.

ಮಿದುಳಿನ ವಿಷಯದಲ್ಲಿ ಹಳೆಯ ಪರೀಕ್ಷೆಯೇ ಇಂದಿಗೂ ಗಟ್ಟಿ: ತಲೆಯ ಹಿಂಭಾಗದ ಎಲೆಕ್ಟ್ರೋಡಿನಲ್ಲಿ ಕಣ್ಣು ಮುಚ್ಚಿದಾಗ 8–13 ಹರ್ಟ್ಸ್‌ನ ಆಲ್ಫಾ ಅಲೆ ಏರಿ, ತೆರೆದಾಗ ಇಳಿಯಬೇಕು. ಬರ್ಗರ್ ಕಂಡದ್ದೂ ಇದನ್ನೇ. ಹಣೆಯ ಮೇಲಿನ ದೊಡ್ಡ ಜಿಗಿತ ರೆಪ್ಪೆ ಮಿಟುಕಿದ್ದರ ಗುರುತು, ದವಡೆ ಬಿಗಿದಾಗಿನ ದಟ್ಟ ಗೀರು ಸ್ನಾಯುವಿನದು. ಓಪನ್‌ಬಿಸಿಐಯಲ್ಲಿ ಪ್ರತಿ ಮಾದರಿಗೂ 0ರಿಂದ 255ರವರೆಗಿನ ಕ್ರಮಸಂಖ್ಯೆ ಇರುವುದರಿಂದ, ಸಂಖ್ಯೆ ಹಾರಿದ್ದರೆ ರೇಡಿಯೋ ಸಂಪರ್ಕದಲ್ಲಿ ಮಾಹಿತಿ ಕಳೆದಿದೆ ಎಂದು ತಿಳಿಯುತ್ತದೆ.

ಫಿಲ್ಟರ್ ಬಗೆಗಿನ ಗೊಂದಲ ಇನ್ನೂ ತೀರಿಲ್ಲ. ಎಡಿ8232 ಮಾಡ್ಯೂಲ್‌ಗಳನ್ನು ಸಾಮಾನ್ಯವಾಗಿ 0.5–40 ಹರ್ಟ್ಸ್‌ಗೆ ಹೊಂದಿಸಿರುತ್ತಾರೆ. ರೋಗನಿರ್ಣಯದ ಇಸಿಜಿಗೆ ಕೆಳಮಿತಿ 0.05 ಹರ್ಟ್ಸ್ ಇರಬೇಕು. ಆದ್ದರಿಂದ ಅಂಥ ಮಾಡ್ಯೂಲ್‌ನಲ್ಲಿ ಹೃದಯಾಘಾತದ ಸುಳಿವು ಕೊಡುವ ಎಸ್‌ಟಿ ಭಾಗ ತಿರುಚಿಕೊಂಡು ಕಾಣಬಹುದು, ಗೆರೆ ಎಷ್ಟೇ ಸ್ವಚ್ಛವಾಗಿದ್ದರೂ.