ಬಾವಿಯಿಂದ ಈಜುಕೊಳಕ್ಕೆ: ಒಂದು ಬಿಳಿ ಪುಡಿಯ ಕಥೆ

ಮಳೆಗಾಲ ಶುರುವಾಗುತ್ತಿದ್ದಂತೆ ಊರಿನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಡುತ್ತಿದ್ದರು. ಈಗ ಪುಣೆಯಲ್ಲೋ ಹೈದರಾಬಾದಿನಲ್ಲೋ ನಾವಿರುವ ಅಪಾರ್ಟ್‌ಮೆಂಟಿನ ಈಜುಕೊಳದ ಹತ್ತಿರ ಹೋದರೆ ಮೂಗಿಗೆ ತಾಕುವುದೂ ಅದೇ ಮನೆತನದ ವಾಸನೆ. ಕೊಳದ ಪಂಪ್ ರೂಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಡಬ್ಬಗಳಿಗೆಲ್ಲ ಸೊಸೈಟಿಯವರು ಇಟ್ಟಿರುವುದು ಒಂದೇ ಹೆಸರು: ‘ಕ್ಲೋರಿನ್’. ಅಪಾಯ ಇರುವುದೇ ಆ ಒಂದು ಹೆಸರಿನಲ್ಲಿ. ಅದು ಅರ್ಥವಾಗಬೇಕಾದರೆ ಸುಮಾರು 250 ವರ್ಷ ಹಿಂದಕ್ಕೆ ಹೋಗಬೇಕು.

1774ರಲ್ಲಿ ಸ್ವೀಡನ್ನಿನ ಕಾರ್ಲ್ ಷೀಲೆ ಮ್ಯಾಂಗನೀಸಿನ ಅದಿರಿಗೆ ಹೈಡ್ರೋಕ್ಲೋರಿಕ್ ಆಮ್ಲ ಸುರಿದು ಕಾಯಿಸಿದ. ಉಸಿರುಗಟ್ಟಿಸುವ, ಹಸಿರು ಮಿಶ್ರಿತ ಹಳದಿ ಬಣ್ಣದ ಅನಿಲವೊಂದು ಹೊರಬಂತು. ಅದು ತಾಕಿದ ಹೂವು, ಎಲೆಗಳ ಬಣ್ಣ ಹೋಯಿತು. ಆ ಕಾಲದ ಯುರೋಪಿನಲ್ಲಿ ಬಟ್ಟೆ ಬೆಳ್ಳಗಾಗಲು ತಿಂಗಳುಗಟ್ಟಲೆ ಬೇಕಿತ್ತು. ಹುಲ್ಲುಗಾವಲಿನಲ್ಲಿ ಬಿಸಿಲಿಗೆ ಹರಡಿ, ಹುಳಿ ಮಜ್ಜಿಗೆಯಲ್ಲಿ ಅದ್ದಿ, ಮತ್ತೆ ಹರಡುತ್ತಿದ್ದರು. ಫ್ರಾನ್ಸಿನ ಬರ್ತೊಲೆ ಈ ಕೆಲಸಕ್ಕೆ ಹೊಸ ಅನಿಲವನ್ನು ಬಳಸಬಹುದೆಂದು ತೋರಿಸಿದ. ಆದರೆ ಅನಿಲವನ್ನು ಮೂಟೆ ಕಟ್ಟಿ ಊರಿಂದೂರಿಗೆ ಒಯ್ಯುವುದು ಹೇಗೆ? 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಅದಕ್ಕೆ ಉಪಾಯ ಕಂಡುಕೊಂಡ: ಅರಳಿದ ಒಣ ಸುಣ್ಣಕ್ಕೆ ಅನಿಲವನ್ನು ಕುಡಿಸುವುದು. ಹೀಗೆ ಹುಟ್ಟಿದ್ದು ಬ್ಲೀಚಿಂಗ್ ಪೌಡರ್, ಅಂದರೆ ಬಟ್ಟೆ ಬಿಳಿ ಮಾಡುವ ಪುಡಿ. ಕೆಲಸ ಬದಲಾದರೂ ಹೆಸರು ಹಾಗೇ ಉಳಿಯಿತು.

ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಬೇಕು. ಈ ಪುಡಿ ಎಂದರೆ ಸುಣ್ಣ ಕಟ್ಟಿಹಾಕಿದ ಅನಿಲ. ಆಮ್ಲ ತಾಕಿದರೆ ಕಟ್ಟು ಬಿಚ್ಚುತ್ತದೆ.

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಶವ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆಗೆ ಬರುತ್ತಿದ್ದುದನ್ನು ಸೆಮ್ಮೆಲ್‌ವೈಸ್ ಗಮನಿಸಿದ. ಕೈಗೆ ಅಂಟಿದ ಹೆಣದ ವಾಸನೆ ಹೋಗಲಿ ಎಂದು ಈ ಪುಡಿಯ ನೀರಿನಲ್ಲಿ ಕೈ ತೊಳೆಯಲು ಹೇಳಿದ. ಏಪ್ರಿಲ್‌ನಲ್ಲಿ ಶೇಕಡಾ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ರೋಗಾಣುಗಳ ಬಗ್ಗೆ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟೋನ್‌ನಲ್ಲಿ ಟೈಫಾಯ್ಡ್ ಹರಡಿದಾಗ ನೀರಿನ ಕೊಳವೆಗಳನ್ನು ಇದರಿಂದಲೇ ಶುದ್ಧಗೊಳಿಸಿದರು. 1903ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಅಧಿಕಾರಿ ವಿನ್ಸೆಂಟ್ ನೆಸ್‌ಫೀಲ್ಡ್, ಒತ್ತಿ ದ್ರವವಾಗಿಸಿದ ಕ್ಲೋರಿನ್‌ನಿಂದ ಕುಡಿಯುವ ನೀರನ್ನು ಶುದ್ಧ ಮಾಡಬಹುದೆಂದು ಬರೆದರು. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿಯ ಇಡೀ ಊರಿನ ನೀರಿಗೆ ಡಾ. ಜಾನ್ ಲೀಲ್ ಈ ಪುಡಿಯ ದ್ರಾವಣವನ್ನು ಸೇರಿಸತೊಡಗಿದರು. ಅದರ ಬೆನ್ನಿಗೇ, 1910ರ ಸುಮಾರಿಗೆ, ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳಕ್ಕೂ ಅದು ಬಂತು.

ಐದು ವರ್ಷ ಕಳೆದಿರಲಿಲ್ಲ. 1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಂನ ಈಪ್ರ್ ಹತ್ತಿರ ಜರ್ಮನ್ ಸೈನ್ಯ ಸುಮಾರು 150 ಟನ್ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ ಅನಿಲ ಅದು. ಮೇಲಕ್ಕೇರದೆ ನೆಲ ಹಿಡಿದು ಹರಿದು, ಸೈನಿಕರು ಅಡಗಿದ್ದ ಕಂದಕಗಳಿಗೇ ಇಳಿಯಿತು.

ಈಗ ನಮ್ಮ ಪಂಪ್ ರೂಮಿಗೆ ವಾಪಸ್ ಬನ್ನಿ. ಅದೂ ಹೆಚ್ಚಾಗಿ ನೆಲಮಟ್ಟಕ್ಕಿಂತ ಕೆಳಗಿರುತ್ತದೆ. ಕಿಟಕಿ ಇದ್ದರೆ ಪುಣ್ಯ. ಕೊಳದ ನೀರಿನ ಕ್ಷಾರ ಇಳಿಸಲು ತಂದ ಹೈಡ್ರೋಕ್ಲೋರಿಕ್ ಆಮ್ಲದ ಕ್ಯಾನು, ಅದರ ಪಕ್ಕದಲ್ಲೇ ಪುಡಿಯ ಡಬ್ಬ, ಎರಡಕ್ಕೂ ಒಂದೇ ಮಗ್ಗು. ಷೀಲೆಯ ಪ್ರಯೋಗಕ್ಕೆ ಇನ್ನೇನೂ ಬೇಕಾಗಿಲ್ಲ.

‘ಕ್ಲೋರಿನ್’ ಡಬ್ಬಗಳೂ ಈಗ ಒಂದೇ ಜಾತಿಯವಲ್ಲ. ಹಳೆಯ ಬ್ಲೀಚಿಂಗ್ ಪೌಡರಿನಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಮೂರನೇ ಒಂದು ಪಾಲಿನಷ್ಟು. ಬಿಸಿಲು, ತೇವ ತಾಕಿದರೆ ಅದೂ ಕುಂದುತ್ತದೆ. ಅಗ್ಗವೆಂದು ವರ್ಷಕ್ಕಾಗುವಷ್ಟು ಕೊಂಡಿಟ್ಟರೆ ಉಳಿಯುವುದು ಬರೀ ಸುಣ್ಣ. ಕ್ಯಾಲ್ಸಿಯಂ ಹೈಪೋಕ್ಲೋರೈಟ್‌ನಲ್ಲಿ ಆ ಪಾಲು ಶೇಕಡಾ 65ರಿಂದ 70. ‘ಟಿಸಿಸಿಎ’ ಎಂದು ಬರೆದಿರುವ ಮಾತ್ರೆಗಳಲ್ಲಿ ಶೇಕಡಾ 90ರ ಆಸುಪಾಸು. ನೋಡಲು ಎಲ್ಲವೂ ಬಿಳಿ. ಆದರೆ ಕೊನೆಯ ಎರಡು ಬೆರೆತು ಒಂದಿಷ್ಟು ತೇವ ತಾಕಿದರೆ ಬೆಂಕಿಯೇಳಬಹುದು, ಸ್ಫೋಟವೂ ಆಗಬಹುದು. ಆದ್ದರಿಂದ ಕೊಳ್ಳುವಾಗ ಲೇಬಲ್ಲಿನ ಪೂರ್ತಿ ಹೆಸರು, ತಯಾರಾದ ತಿಂಗಳು ನೋಡಬೇಕು. ಒಂದರ ಖಾಲಿ ಡಬ್ಬಕ್ಕೆ ಇನ್ನೊಂದನ್ನು ತುಂಬಬಾರದು. ಪುಡಿಯ ಮೇಲೆ ನೀರು ಸುರಿಯಬಾರದು, ತುಂಬಿದ ನೀರಿಗೆ ಪುಡಿ ಹಾಕಬೇಕು. ಆಮ್ಲವನ್ನು ಬೇರೆ ಕೋಣೆಯಲ್ಲೇ ಇಡಬೇಕು. ವಾಸನೆ ಗಂಟಲು ಹಿಡಿಯಿತೆಂದರೆ ಡಬ್ಬ ಮುಚ್ಚಲು ಹೋಗದೆ ಎತ್ತರದ, ಗಾಳಿಯಾಡುವ ಜಾಗಕ್ಕೆ ಹೊರಟುಬಿಡಬೇಕು.

ಇದೆಲ್ಲ ತಿಳಿಯದವರಿಗೆ ಮಾತ್ರ ಎಂದುಕೊಳ್ಳಬೇಡಿ. 2024ರ ಸೆಪ್ಟೆಂಬರ್ 29ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಕಾನ್ಯರ್ಸ್‌ನಲ್ಲಿ, ಈಜುಕೊಳದ ರಾಸಾಯನಿಕಗಳ ಕಾರ್ಖಾನೆಯೊಂದರಲ್ಲಿ ಬೆಂಕಿ ಆರಿಸಲೆಂದು ಇದ್ದ ತುಂತುರು ನಳವೇ ಕೆಟ್ಟು ನೀರು ಸುರಿಸಿತು. ದಾಸ್ತಾನು ಹೊಗೆಯಾಗಿ ಎದ್ದಿತು. ಸುಮಾರು 17,000 ಜನ ಮನೆ ಬಿಡಬೇಕಾಯಿತು.

ನಮ್ಮ ಕೊಳಗಳಿಗೆ ಪುಡಿ ಹಾಕುವವನೂ ನಮ್ಮಂತೆಯೇ ಊರು ಬಿಟ್ಟು ಬಂದವನು. ಲೇಬಲ್ಲಿನ ಇಂಗ್ಲಿಷ್ ಅವನಿಗೆ ಓದಲು ಬಾರದೆ ಇರಬಹುದು. ಯಾವ ಡಬ್ಬ ಅಗ್ಗ ಎಂದು ಕಮಿಟಿ ಸಭೆಯಲ್ಲಿ ಚರ್ಚಿಸುವ ನಾವು, ಕೈಗವಸು, ಕನ್ನಡಕ ಮತ್ತು ಎರಡನೆಯ ಮಗ್ಗನ್ನೂ ಅದೇ ಪಟ್ಟಿಗೆ ಸೇರಿಸೋಣ. ಯಾವ ಡಬ್ಬದಲ್ಲಿ ಏನಿದೆ ಎಂದು ಅವನ ಭಾಷೆಯಲ್ಲೇ ಗೋಡೆಯ ಮೇಲೆ ಬರೆದಿಡೋಣ. ಊರಿನಲ್ಲಿ ಬಾವಿಗೆ ಪುಡಿ ಬಿಟ್ಟವರು ಕೂಡ, ಇವತ್ತು ನೀರು ಸೇದಬೇಡಿ ಎಂದು ಮನೆಮನೆಗೆ ಹೇಳಿಯೇ ಹೋಗುತ್ತಿದ್ದರು.