ಬೀಗದ ಕೈ ಗೊಂಚಲಿನಿಂದ ಬ್ಯಾಟರಿವರೆಗೆ

ಸಕಲೇಶಪುರದ ಹತ್ತಿರ ನಮ್ಮೂರಲ್ಲಿ ಯಾರಿಗಾದ್ರೂ ಫಿಟ್ಸ್ ಬಂದರೆ ಮೊದಲು ಕೇಳೋ ಕೂಗು, "ಕಬ್ಬಿಣ ಕೊಡ್ರೋ!" ಕಾಫಿ ಕಣದಲ್ಲಿ ಬಿದ್ದು ಒದ್ದಾಡುತ್ತಿದ್ದ ಅತ್ತೆ ಮಗನ ಕೈಗೆ ಬೀಗದ ಕೈ ಗೊಂಚಲು ತುರುಕಿದವನು ನಾನೇ. ಎರಡು ನಿಮಿಷಕ್ಕೆ ನಿಂತಿತು. ಕಬ್ಬಿಣ ಕೆಲಸ ಮಾಡ್ತು ಅಂತ ಎಲ್ಲರೂ ನಂಬಿದೆವು. ಹೆಚ್ಚಿನ ಫಿಟ್ಸ್ ಅಷ್ಟೊತ್ತಿಗೆ ತಾನಾಗೇ ನಿಲ್ಲುತ್ತೆ ಅಂತ ತಿಳಿದಿದ್ದು ಎಷ್ಟೋ ವರ್ಷದ ಮೇಲೆ.

ಮೂರ್ಛೆರೋಗ ಅಂದ್ರೆ ಮಿದುಳಿನ ನರಕೋಶಗಳು ಅಂಕೆಯಿಲ್ಲದೆ ಒಟ್ಟಿಗೇ ಕರೆಂಟ್ ಹರಿಸೋದು. 1870ರಲ್ಲಿ ಬರ್ಲಿನ್ನಿನ ಫ್ರಿಟ್ಶ್ ಮತ್ತು ಹಿಟ್ಜಿಗ್ ನಾಯಿಯ ಮಿದುಳಿಗೆ ಸಣ್ಣ ಕರೆಂಟ್ ಕೊಟ್ಟು ಅದರ ಕಾಲು ಅಲ್ಲಾಡುವಂತೆ ಮಾಡಿದರು. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ಅಲೆಗಳನ್ನು ದಾಖಲಿಸಿದರು. ಅದೇ ಇಇಜಿ.

ನಮ್ಮ ಕಡೆಯದ್ದೂ ಒಂದು ಅಧ್ಯಾಯವಿದೆ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರೋ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಇದರ ಬಗ್ಗೆ ಬರೆದರು. ಮುಂದೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಅದನ್ನು ಬೆಳೆಸಿದರು. ಇಂಥವರಲ್ಲಿ ಎಷ್ಟೋ ಜನಕ್ಕೆ ಹಂಡೆ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೇ ಅರ್ಧ ಮದ್ದು.

ಆದರೆ ಮೂರ್ಛೆರೋಗ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರೆ ನಾಟೋದಿಲ್ಲ. ನಮ್ಮತ್ತೆ ಮಗ ಅಂಥವನು. ಸರಿಯಾಗಿ ಆರಿಸಿ ಕೊಟ್ಟ ಎರಡು ಔಷಧ ಸೋತರೆ ಶಸ್ತ್ರಚಿಕಿತ್ಸೆ ಆಗುತ್ತಾ ಅಂತ ನೋಡ್ತಾರೆ. ಆಗದಿದ್ದರೆ ಕರೆಂಟು. 1988ರಲ್ಲಿ ಅಮೆರಿಕದಲ್ಲಿ ಮೊದಲ ಸಲ ರೋಗಿಯೊಬ್ಬರ ಎದೆಯ ಚರ್ಮದಡಿ ಬ್ಯಾಟರಿ ಇಟ್ಟು, ಕತ್ತಿನ ವೇಗಸ್ ನರಕ್ಕೆ ತಂತಿ ಸುತ್ತಿದರು. 1997ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. 2013ರಲ್ಲಿ ಒಪ್ಪಿಗೆ ಸಿಕ್ಕಿದ ಇನ್ನೊಂದು ಯಂತ್ರ ತಲೆಬುರುಡೆಯಲ್ಲೇ ಕೂತು ಅಲೆಗಳನ್ನು ಕಾಯುತ್ತೆ. ಫಿಟ್ಸಿನ ಸುಳಿವು ಕಂಡ ಕೂಡಲೇ ಸಣ್ಣ ಕರೆಂಟ್ ಬಿಡುತ್ತೆ. ರಾತ್ರಿಯೆಲ್ಲ ಸರ್ವರ್ ಕಾಯೋ ನನಗೆ ಇದು ಥಟ್ಟನೆ ಅರ್ಥವಾಯ್ತು. 2018ರಲ್ಲಿ ಥಲಾಮಸ್‌ಗೆ ತಂತಿ ಇಳಿಸೋ ವಿಧಾನಕ್ಕೂ ಒಪ್ಪಿಗೆ ಸಿಕ್ಕಿತು.

ಇವು ಫಿಟ್ಸನ್ನು ಕಡಿಮೆ ಮಾಡ್ತವೆ, ಪೂರ್ತಿ ನಿಲ್ಲಿಸೋದು ಅಪರೂಪ. ಮಾತ್ರೆಯೂ ತಪ್ಪಲ್ಲ. ಖರ್ಚು ಲಕ್ಷಗಳಲ್ಲಿ. ಎರಡೆಕರೆ ಕಾಫಿ ಇರೋ ಮನೆಗೆ ಅದು ತೋಟ ಮಾರೋ ಮಾತು.

ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಅಂತಿದ್ದ ಪದವನ್ನು 1999ರಲ್ಲಿ ತೆಗೆದರು. ನಮ್ಮೂರು ಇನ್ನೂ ತೆಗೆದಿಲ್ಲ. ಅವನಿಗೆ ಬಂದ ಎರಡು ಸಂಬಂಧ ಮುರಿದುಬಿದ್ದವು.

ಬ್ಯಾಟರಿ ಯಾವತ್ತು ನಮ್ಮ ಘಟ್ಟ ಹತ್ತುತ್ತೋ. ಅಲ್ಲಿವರೆಗೆ ಇಷ್ಟು ಮಾಡಿ: ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ಬೀಗದ ಕೈ ಜೇಬಲ್ಲೇ ಇರಲಿ, ಜೀಪು ಸ್ಟಾರ್ಟ್ ಮಾಡೋಕೆ ಬೇಕಾಗುತ್ತೆ.